ರಾಣಿ ಮಲ್ ಬಟ್ಟೆ ಹಾಕ್ಕೊಂಡಿದ್ದಕ್ಕೆ ಅಷ್ಟು ರಂಪ ಯಾಕಾಯ್ತು?

ಪ್ರಶ್ನೆ: ಮೇಡಂ ನಮಸ್ಕಾರ. ಮಗಳ ಮನೆಗೆ ಅಂತ ಅಮೆರಿಕಾಗೆ ಹೋಗಿದ್ವಿ, ಒಂದಿನ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಕರ್ಕೊಂಡು ಹೋದ್ಲು. ಅಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ದು ಒಂದು ಪೇಂಟಿಂಗ್ ಇತ್ತು, ಹುಲ್ಲಿನ ಹ್ಯಾಟು, ಬಿಳಿ ಡ್ರೆಸ್ಸು, ಮೈಮೇಲೆ ಒಂದು ಒಡವೆ ಇಲ್ಲ. ಈ ಚಿತ್ರ ಪ್ಯಾರಿಸ್ಸಲ್ಲಿ ದೊಡ್ಡ ರಂಪ ಎಬ್ಬಿಸಿತ್ತು ಅಂತ ಮಗಳು ಹೇಳಿದ್ಲು. ಇದರಲ್ಲಿ ರಂಪ ಮಾಡೋ ಅಂಥದ್ದು ಏನಿದೆ? ಇನ್ನೊಂದು, ಬೋರ್ಡಲ್ಲಿ ಕಲಾವಿದೆ ಹೆಸರಿನ ಜೊತೆ 'ಆಫ್ಟರ್' ಅಂತಿತ್ತು, ಹಾಗಂದ್ರೆ ಡೂಪ್ಲಿಕೇಟಾ? ನಮ್ಮನೆಯವರು ಮಾತ್ರ ನೋಡಿದ ತಕ್ಷಣ 'ಇದು ನಮ್ಮ ಮಲ್ ಬಟ್ಟೆ ಕಣ್ರೀ' ಅಂದ್ರು. ನಿಜಾನಾ?

ಉತ್ತರ: ಮೊದಲು ನಿಮ್ಮನೆಯವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. 240 ವರ್ಷದ ಹಿಂದಿನ ಫ್ರಾನ್ಸ್ ರಾಣಿ ಮುಂದೆ ನಿಂತ್ಕೊಂಡು ಎಲ್ರೂ ಮುಖ ನೋಡ್ತಾರೆ, ಹ್ಯಾಟ್ ನೋಡ್ತಾರೆ, ಅವರು ಬಟ್ಟೆ ಗುರುತು ಹಿಡಿದಿದ್ದಾರೆ. ಈ ಚಿತ್ರದ ಕಥೆಯೆಲ್ಲ ಇರೋದೇ ಆ ಬಟ್ಟೆಯಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

'ಆಫ್ಟರ್' ವಿಷಯ ಬೇಗ ಮುಗಿಸಿಬಿಡ್ತೀನಿ. ಆಫ್ಟರ್ ಅಂದ್ರೆ ಇಂಥವರ ಚಿತ್ರ ನೋಡ್ಕೊಂಡು ಬೇರೆಯವರು ಬರೆದದ್ದು ಅಂತ. ಡೂಪ್ಲಿಕೇಟ್ ಅನ್ನಬೇಡಿ, ಅದರಲ್ಲಿ ಯಾರಿಗೂ ಮೋಸ ಮಾಡೋ ಉದ್ದೇಶ ಇರಲಿಲ್ಲ. ಫೋಟೋ ಇಲ್ಲದ ಕಾಲ ಅದು, ರಾಜ ರಾಣಿಯರ ಒಂದು ಭಾವಚಿತ್ರ ಚೆನ್ನಾಗಿ ಬಂತು ಅಂದ್ರೆ ನೆಂಟರಿಗೆ, ಸ್ನೇಹಿತರಿಗೆ, ಬೇರೆ ದೇಶದ ಅರಮನೆಗಳಿಗೆ ಕಳಿಸೋದಕ್ಕೆ ಅದರ ಪ್ರತಿಗಳನ್ನ ಮಾಡಿಸ್ತಾನೇ ಇದ್ರು, ಕೆಲವನ್ನ ಕಲಾವಿದರೇ ಮಾಡೋರು, ಕೆಲವನ್ನ ಬೇರೆಯವರು. ನೀವು ನೋಡಿದ್ದು ಹತ್ರ ಹತ್ರ 93 ಸೆಂಟಿಮೀಟರ್ ಎತ್ತರ 73 ಅಗಲದ್ದು, ಯಾರ ಕೈ ಅಂತ ಹೆಸರಿಲ್ಲ. ಮೂಲ ಚಿತ್ರ ಜರ್ಮನಿಯಲ್ಲಿ ಹೆಸ್ಸೆ ರಾಜಮನೆತನದ ಸಂಗ್ರಹದಲ್ಲಿದೆ. ಬರೆದವಳು ಎಲಿಜಬೆತ್ ವಿಜೆ ಲ ಬ್ರಂ, 1783ರಲ್ಲಿ.

ಈ ವಿಜೆ ಲ ಬ್ರಂ ಬಗ್ಗೆ ಸ್ವಲ್ಪ ಹೇಳಲೇಬೇಕು. ರಾಣಿದೂ ಈಕೆದೂ ಒಂದೇ ವಯಸ್ಸು, ಇಬ್ರೂ 1755ರಲ್ಲಿ ಹುಟ್ಟಿದವರು, ಒಬ್ಬಳು ವಿಯೆನ್ನಾದ ಅರಮನೆಯಲ್ಲಿ, ಇನ್ನೊಬ್ಬಳು ಪ್ಯಾರಿಸ್ಸಲ್ಲಿ ಒಬ್ಬ ಸಾಧಾರಣ ಚಿತ್ರಕಾರನ ಮನೆಯಲ್ಲಿ. ಅಪ್ಪ ಪ್ಯಾಸ್ಟೆಲ್‌ನಲ್ಲಿ ಮುಖ ಬರೆಯೋನು, ಈಕೆಗೆ 12 ವರ್ಷ ಆಗಿದ್ದಾಗ ತೀರ್ಕೊಂಡ. ಹದಿಹರೆಯದಲ್ಲೇ ಭಾವಚಿತ್ರ ಬರೆದು ಸಂಪಾದನೆ ಶುರು ಮಾಡಿದ ಹುಡುಗಿ 1778ರಲ್ಲಿ ರಾಣಿಯ ಮುಂದೆ ಈಸೆಲ್ ಇಟ್ಕೊಂಡು ನಿಂತಳು. ಆವಾಗ ಬರೆದ ದೊಡ್ಡ ಚಿತ್ರ ರಾಣಿಯ ತಾಯಿ ಮರಿಯಾ ಥೆರೇಸಾಗೆ ಅಂತ ಹೋಯ್ತು, ಈಗಲೂ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಅದನ್ನ ಒಂದ್ಸಲ ಮೊಬೈಲಲ್ಲಿ ತೆಗೆದು ನೋಡಿ. ಬಿಳಿ ಸ್ಯಾಟಿನ್ ಗೌನು, ಸೊಂಟದ ಎರಡೂ ಕಡೆ ಬುಟ್ಟಿ ಕಟ್ಟಿದ ಹಾಗೆ ಅಗಲ, ಅದಕ್ಕೆ ಫ್ರೆಂಚಲ್ಲಿ ಪನಿಯೇ ಅಂತಾರೆ, ಆ ಪದದ ಅರ್ಥವೇ ಬುಟ್ಟಿ, ಪಕ್ಕದ ಮೇಜಿನ ಮೇಲೆ ದಿಂಬಿನ ಮೇಲೆ ಕಿರೀಟ, ಮೇಲ್ಗಡೆ ರಾಜನ ಶಿಲ್ಪ, ಕೈಯಲ್ಲಿ ಒಂದು ಗುಲಾಬಿ. ಗುಲಾಬಿ ನೆನಪಿಟ್ಕೊಳ್ಳಿ.

ಆಮೇಲೆ ಇವರಿಬ್ಬರ ಮಧ್ಯೆ ಒಂದು ಸಲಿಗೆ ಬೆಳೀತು. ವಿಜೆ ಲ ಬ್ರಂ ಮುದುಕಿ ಆದಮೇಲೆ ಬರೆದ ನೆನಪುಗಳಲ್ಲಿ ಒಂದು ಘಟನೆ ಬರುತ್ತೆ, ಆಕೆ ತುಂಬು ಗರ್ಭಿಣಿ, ಹುಷಾರಿಲ್ಲ ಅಂತ ಒಂದಿನ ಸಿಟ್ಟಿಂಗ್ ತಪ್ಪಿಸ್ಕೊಂಡು ಮಾರನೇ ದಿನ ಕ್ಷಮೆ ಕೇಳೋಕೆ ಅಂತ ಓಡಿ ಹೋಗಿದ್ದಾಳೆ, ರಾಣಿ ಹೊರಗೆ ಹೊರಟು ನಿಂತಿದ್ದವಳು ಅದನ್ನ ಬಿಟ್ಟು ಕೂತಳು, ಗಡಿಬಿಡಿಯಲ್ಲಿ ಈಕೆಯ ಬಣ್ಣದ ಪೆಟ್ಟಿಗೆ ಜಾರಿ ಬ್ರಷ್ಷೆಲ್ಲ ನೆಲಕ್ಕೆ ಬಿತ್ತು, ಬಗ್ಗೋಕೆ ಹೋದ್ರೆ ರಾಣಿ ಬೇಡ ಬೇಡ ನೀನು ಈ ಸ್ಥಿತಿಯಲ್ಲಿ ಬಗ್ಗಬೇಡ ಅಂತ ತಾನೇ ಬಗ್ಗಿ ಒಂದೊಂದೇ ಎತ್ತಿಕೊಟ್ಟಳಂತೆ. ಆ ಮುಖದ ಬಗ್ಗೆ ಆಕೆ ಬರೆದಿರೋದು ನನಗೆ ಇನ್ನೂ ಇಷ್ಟ. ರಾಣಿಯ ಚರ್ಮ ಎಷ್ಟು ತೆಳು, ಎಷ್ಟು ಹೊಳಪು ಅಂದ್ರೆ ಅದರ ಮೇಲೆ ನೆರಳೇ ನಿಲ್ತಾ ಇರಲಿಲ್ಲ, ಆ ತಾಜಾತನಕ್ಕೆ ತಕ್ಕ ಬಣ್ಣ ನನ್ನ ಹತ್ರ ಇರಲಿಲ್ಲ ಅಂತಾಳೆ. ಹೊಗಳೋಕೆ ಹೇಳಿದ ಮಾತು ಅಂತ ಅನ್ನಿಸಬಹುದು, ಆದ್ರೆ ಮುಖ ಬರೆಯೋ ಕೆಲಸ ಮಾಡಿದವರಿಗೆ ಗೊತ್ತು ಅದು ದಿನಾ ಬಣ್ಣ ಕಲಸೋಳ ಮಾತು ಅಂತ.

ಈಗ ಡ್ರೆಸ್ಸಿಗೆ ಬರೋಣ. ಇದಕ್ಕೆ ಗೋಲ್ ಅಂತಿದ್ರು, ಶಮೀಜ್ ಅಂತಲೂ. ನಮ್ಮ ಕಡೆ ಹೆಣ್ಣುಮಕ್ಕಳು ಒಳಗೆ ಹಾಕ್ಕೊಳ್ಳೋದಕ್ಕೆ ಶಿಮ್ಮೀಸ್ ಅಂತೀವಲ್ಲ, ಅದೇ ಪದ, ಇಂಗ್ಲಿಷ್ ಮೂಲಕ ನಮ್ಮ ಮನೆಗಳಿಗೆ ಬಂದದ್ದು. ಅರ್ಧ ಉತ್ತರ ಇಲ್ಲೇ ಸಿಕ್ತು ನೋಡಿ. ಆ ಕಾಲದ ಫ್ರಾನ್ಸಲ್ಲಿ ಶಮೀಜ್ ಅಂದ್ರೆ ಮೈಗೆ ಅಂಟಿಕೊಂಡಿರೋ ಮೊದಲನೇ ಬಟ್ಟೆ, ಅದರ ಮೇಲೆ ಬಿಗಿಯೋ ಕಟ್ಟು, ಅದರ ಮೇಲೆ ಪನಿಯೇ, ಅದರ ಮೇಲೆ ರೇಷ್ಮೆ. ಹೊಸ ಗೌನು ನೋಡೋಕೆ ಶಮೀಜ್ ಥರಾನೇ ಇತ್ತು, ಬಿಳಿ ತೆಳು ಹತ್ತಿ ಬಟ್ಟೆ, ಕತ್ತಿನ ಹತ್ರ ನೆರಿಗೆ, ನಡುವಿಗೆ ಒಂದು ಪಟ್ಟಿ, ಅಷ್ಟೇ. ಕೆರಿಬಿಯನ್ ಕಡೆಯ ಫ್ರೆಂಚ್ ವಸಾಹತುಗಳಲ್ಲಿ ಸೆಕೆ ತಡೆಯೋಕೆ ಹೆಂಗಸರು ಹಾಕ್ಕೊಳ್ತಿದ್ದ ಥರದ್ದು ಅದು. ರಾಣಿ ಇದನ್ನ ಹಾಕ್ಕೊಳ್ತಿದ್ದದ್ದು ಪೆಟಿ ಟ್ರಿಯಾನನ್‌ನಲ್ಲಿ, ರಾಜರ ದೊಡ್ಡ ಅರಮನೆ ವರ್ಸೇಲ್ಸ್ ತೋಟದ ಒಂದು ಮೂಲೆಯಲ್ಲಿದ್ದ ಚಿಕ್ಕ ಅರಮನೆ, 1774ರಲ್ಲಿ ಗಂಡ 16ನೇ ಲೂಯಿ ಆಕೆಗೆ ಕೊಟ್ಟದ್ದು, ಅಲ್ಲಿಗೆ ಆಕೆ ಕರೆದವರಿಗೆ ಮಾತ್ರ ಪ್ರವೇಶ.

ಆಕೆಗೆ ಅಂಥ ಜಾಗ ಯಾಕೆ ಬೇಕಿತ್ತು ಅಂತ ಅರ್ಥ ಆಗಬೇಕಾದ್ರೆ ಬೆಳಗ್ಗೆ ಬಟ್ಟೆ ತೊಡಿಸೋ ಶಾಸ್ತ್ರ ಹೇಗಿತ್ತು ಅಂತ ಗೊತ್ತಿರಬೇಕು. ರಾಣಿಯ ಸೇವೆಯಲ್ಲಿದ್ದ ಮದಾಂ ಕಂಪಾಂ ಅನ್ನೋರು ಬರೆದಿಟ್ಟಿದ್ದಾರೆ. ಒಂದು ಚಳಿಗಾಲದ ದಿನ, ರಾಣಿ ಮೈಮೇಲೆ ಏನೂ ಇಲ್ಲದೆ ನಿಂತಿದ್ದಾಳೆ, ಕಂಪಾಂ ಶಮೀಜ್ ಬಿಡಿಸಿ ಇನ್ನೇನು ಕೊಡಬೇಕು, ಆಕೆಗಿಂತ ಮೇಲಿನ ಪದವಿಯವರು ಒಳಗೆ ಬಂದ್ರು, ಅಂಗಿ ಕೊಡೋ ಹಕ್ಕು ಈಗ ಅವರದ್ದು, ಅವರು ಗ್ಲೌಸ್ ಬಿಚ್ಚಿ ಈಸ್ಕೊಳ್ಳೋ ಹೊತ್ತಿಗೆ ಬಾಗಿಲು ಕೆರೆದ ಶಬ್ದ, ಓರ್ಲಿಯನ್ಸಿನ ಡಚೆಸ್ ಬಂದ್ರು, ಅವರದ್ದು ಇನ್ನೂ ಮೇಲಿನ ಪದವಿ, ಶಮೀಜ್ ಅವರ ಕೈಗೆ ಹೋಯ್ತು, ಅಷ್ಟರಲ್ಲಿ ಮತ್ತೆ ಬಾಗಿಲು, ರಾಜನ ತಮ್ಮನ ಹೆಂಡತಿ ಬಂದ್ರು, ಈಗ ಅವರ ಕೈಗೆ. ಅಲ್ಲೀತನಕ ರಾಣಿ ಎದೆ ಮೇಲೆ ಕೈ ಕಟ್ಕೊಂಡು ನಡುಗ್ತಾ ನಿಂತಿದ್ದಾಳೆ. ಇಷ್ಟು ಜನರ ಮುಂದೆ ಬರೀಮೈಯಲ್ಲಿ ನಿಲ್ಲೋದು ಮರ್ಯಾದೆ, ಆದ್ರೆ ಕತ್ತಿನಿಂದ ಕಾಲಿನ ತನಕ ಮುಚ್ಚೋ ಒಂದು ಹತ್ತಿ ಗೌನಲ್ಲಿ ಚಿತ್ರ ಬರೆಸ್ಕೊಳ್ಳೋದು ಮರ್ಯಾದೆಗೇಡು! ಇದನ್ನ ಓದಿದಾಗೆಲ್ಲ ನನಗೆ ಆ ಹೆಣ್ಣುಮಗಳ ಬಗ್ಗೆ ಕರುಳು ಚುರ್ ಅನ್ನುತ್ತೆ, ಆಕೆ ದುಂದು ಖರ್ಚು ಮಾಡಿದ್ದು ನಿಜಾನೇ ಆದ್ರೂ.

1783ರ ಮೇ 31ಕ್ಕೆ ವಿಜೆ ಲ ಬ್ರಂಳನ್ನ ರಾಜರ ಚಿತ್ರಕಲಾ ಅಕಾಡೆಮಿಗೆ ಸೇರಿಸ್ಕೊಂಡ್ರು. ಸುಲಭಕ್ಕಲ್ಲ. ಹೆಂಗಸರಿಗೆ ಅಲ್ಲಿ ಇದ್ದದ್ದೇ ನಾಲ್ಕು ಜಾಗ, ಮೇಲಾಗಿ ಈಕೆಯ ಗಂಡ ಚಿತ್ರಗಳ ವ್ಯಾಪಾರಿ, ವ್ಯಾಪಾರದ ನಂಟಿರೋರನ್ನ ಅಕಾಡೆಮಿ ಸೇರಿಸ್ತಿರಲಿಲ್ಲ, ಕೊನೆಗೆ ರಾಣಿ ರಾಜನಿಗೆ ಹೇಳಿ ದಾರಿ ಮಾಡಿಸಿದಳು. ಅದೇ ಆಗಸ್ಟಲ್ಲಿ ಲೂವ್ರ್‌ನಲ್ಲಿ ಸಲೋನ್. ಎರಡು ವರ್ಷಕ್ಕೊಂದು ಸಲ ಅಕಾಡೆಮಿಯವರು ಮಾಡ್ತಿದ್ದ ದೊಡ್ಡ ಚಿತ್ರಪ್ರದರ್ಶನ ಅದು, ಡ್ಯೂಕ್‌ನಿಂದ ಹಿಡಿದು ಮಾರ್ಕೆಟ್‌ನಲ್ಲಿ ಮೀನು ಮಾರೋಳ ತನಕ ಯಾರು ಬೇಕಾದ್ರೂ ಒಳಗೆ ಬರಬಹುದು. ಅಲ್ಲಿ ಗೋಡೆ ಮೇಲೆ ಈ ಚಿತ್ರ.

ಜನ ಏನಂದ್ರು? ರಾಣಿ ಒಳಬಟ್ಟೆಯಲ್ಲಿ ನಿಂತಿದ್ದಾಳೆ ಅಂದ್ರು. ಮನೆಯೊಳಗೆ ಹಾಕ್ಕೊಳ್ಳೋ ಬಟ್ಟೆಯಲ್ಲಿ ಇಂಥ ದೊಡ್ಡವರನ್ನ ಬೀದಿ ಜನಕ್ಕೆ ತೋರಿಸೋದಾ ಅಂದ್ರು. ನಮ್ಮ ದೇವಸ್ಥಾನದಲ್ಲಿ ಅಲಂಕಾರ ಆಗೋವಾಗ ತೆರೆ ಎಳೀತಾರಲ್ಲ, ಒಳಗೆ ಮೂರ್ತಿ ಇರೋದು ಎಲ್ರಿಗೂ ಗೊತ್ತು, ಆದ್ರೂ ಅಭಿಷೇಕ ಮುಗಿದು ಅಲಂಕಾರ ಮುಗಿಯೋ ತನಕ ನಾವು ನೋಡಲ್ಲ. ಫ್ರಾನ್ಸಿನ ಜನಕ್ಕೆ ರಾಜ ರಾಣಿಯರ ಮೈ ಸುಮಾರು ಹಾಗೇ, ಆ ರೇಷ್ಮೆ, ಜರಿ, ಪನಿಯೇ, ಕಿರೀಟ ಎಲ್ಲ ಸೇರಿದ್ರೇನೇ ರಾಣಿ. ವಿಜೆ ಲ ಬ್ರಂ ಆ ತೆರೆ ಸರಿಸಿಬಿಟ್ಟಳು, ಒಳಗೆ ಕಂಡದ್ದು 27 ವರ್ಷದ ಒಬ್ಬ ಹೆಂಗಸು, ಗುಲಾಬಿಗೆ ರಿಬ್ಬನ್ ಸುತ್ತುತ್ತಾ ನಿಂತಿರೋಳು. ಇವಳು ಯಾರು ಬೇಕಾದ್ರೂ ಆಗಿರಬಹುದು ಅಂತ ಅನ್ನಿಸಿಬಿಟ್ರೆ ಸಿಂಹಾಸನದ ಗತಿ ಏನು? ಇದಕ್ಕೂ ಒಂದು ವರ್ಷ ಮುಂಚೆ ರಾಣಿಯ ಗೆಳತಿ ಡಚೆಸ್ ಪೋಲಿನ್ಯಾಕ್‌ಳನ್ನ ಇದೇ ಕಲಾವಿದೆ ಹುಲ್ಲಿನ ಹ್ಯಾಟು ಬಿಳಿ ಗೌನಲ್ಲೇ ಬರೆದಿದ್ದಳು, ಆ ಚಿತ್ರಕ್ಕೆ ಇಂಥ ರಂಪ ಆಗಲಿಲ್ಲ. ಡಚೆಸ್ ಹಾಕ್ಕೊಂಡ್ರೆ ಫ್ಯಾಷನ್, ರಾಣಿ ಹಾಕ್ಕೊಂಡ್ರೆ ರಾಜಕೀಯ.

ಇನ್ನೊಂದು ಸಿಟ್ಟು ಹೊಟ್ಟೆಪಾಡಿಂದು, ನನ್ನ ಪ್ರಕಾರ ಇದೇ ಮುಖ್ಯ. ಫ್ರಾನ್ಸಿನ ರೇಷ್ಮೆ ಅಂದ್ರೆ ಲಿಯಾನ್ ಊರು. ರಾಣಿ ಮೈಮೇಲೆ ಏನಿರುತ್ತೋ ಯುರೋಪಿನ ಶ್ರೀಮಂತ ಹೆಂಗಸರೆಲ್ಲ ಅದನ್ನೇ ಕೇಳ್ತಾರೆ, ಹಾಗಾಗಿ ರಾಣಿ ರೇಷ್ಮೆ ಉಡೋದು ಅಂದ್ರೆ ಲಿಯಾನ್ ಮಗ್ಗಗಳಿಗೆ ಕೆಲಸ ಕೊಟ್ಟಂಗೆ. ರೇಷ್ಮೆ ಮತ್ತೆ ಉಣ್ಣೆಯವರನ್ನ ಕಾಪಾಡೋಕೆ ಅಂತ ಫ್ರಾನ್ಸ್ ಸರ್ಕಾರ 1686ರಿಂದ 1759ರ ತನಕ ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನೇ ಬ್ಯಾನ್ ಮಾಡಿತ್ತು, ನಮ್ಮ ದೇಶದಿಂದ ಹೋಗ್ತಿದ್ದ ಚೀಟಿ ಬಟ್ಟೆಗೆ ಅಷ್ಟು ಹೆದರಿದ್ರು. ಅಂಥ ದೇಶದ ರಾಣಿ ಈಗ ಹೊರಗಿನಿಂದ ಬರೋ ಮಸ್ಲಿನ್ ಅನ್ನೋ ತೆಳು ಹತ್ತಿ ಬಟ್ಟೆ ಹಾಕ್ಕೊಂಡು ಗೋಡೆ ಮೇಲೆ ನಿಂತಳು. ಅದರಲ್ಲಿ ಎಷ್ಟೋ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಸಾಗಿಸ್ತಿದ್ದ ಮಾಲು, ಇಂಗ್ಲಿಷರ ಜೊತೆ ಯುದ್ಧ ಆಗಷ್ಟೇ ಮುಗೀತಾ ಇತ್ತು, ಆ ವರ್ಷ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಹುಟ್ಟಿದ್ದು ಆಸ್ಟ್ರಿಯಾ, ಹಾಕ್ಕೊಳ್ಳೋದು ಇಂಗ್ಲಿಷರ ಫ್ಯಾಷನ್, ಇವಳಿಗೆ ನಮ್ಮವರ ಮೇಲೆ ಎಲ್ಲಿದೆ ಪ್ರೀತಿ ಅಂತ ಜನ ಮಾತಾಡಿಕೊಳ್ಳೋಕೆ ಒಂದು ಚಿತ್ರ ಸಾಕಾಯ್ತು.

ಸಲೋನ್ ಮುಗಿಯೋಕೆ ಮುಂಚೆನೇ ಚಿತ್ರ ಕೆಳಗಿಳೀತು. ಅದರ ಜಾಗಕ್ಕೆ ವಿಜೆ ಲ ಬ್ರಂ ಇನ್ನೊಂದು ಬರೆದುಕೊಟ್ಟಳು, ಅದು ಈಗ ವರ್ಸೇಲ್ಸ್‌ನಲ್ಲಿದೆ, ಗುಲಾಬಿ ಹಿಡಿದ ರಾಣಿ ಅಂತಲೇ ಹೆಸರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ನಾನು ಪ್ರತಿ ವರ್ಷ ಸ್ಟೂಡೆಂಟ್ಸ್‌ಗೆ ಇದನ್ನ ಮಾಡಿಸ್ತೀನಿ. ಅದೇ ನಿಲುವು, ಅದೇ ಮುಖ ತಿರುಗಿಸಿದ ರೀತಿ, ಅದೇ ಕೈಗಳು, ಅದೇ ಗುಲಾಬಿ. ಬದಲಾಗಿದ್ದು ಬಟ್ಟೆ, ಹ್ಯಾಟು, ಹಿನ್ನೆಲೆ. ಮಸ್ಲಿನ್ ಜಾಗದಲ್ಲಿ ನೀಲಿ ಬೂದು ಬಣ್ಣದ ರೇಷ್ಮೆ, ತೋಳಿಗೆ ಲೇಸು, ಕತ್ತಿಗೆ ಕೈಗೆ ಮುತ್ತು, ಹಿಂದೆ ತೋಟದ ಮರ. ಎಲ್ರಿಗೂ ಸಮಾಧಾನ ಆಯ್ತು. ಚೆನ್ನಾಗಿಲ್ಲ ಅಂತ ಹೇಳಲ್ಲ, ಆ ರೇಷ್ಮೆಯ ಹೊಳಪು ಬರೆಯೋಕೆ ದೊಡ್ಡ ಕೈನೇ ಬೇಕು. ಆದ್ರೆ ಮೊದಲನೇದರಲ್ಲಿ ಆ ಹೆಂಗಸು ಉಸಿರಾಡ್ತಿದ್ದಾಳೆ, ಎರಡನೇದರಲ್ಲಿ ಪೋಸ್ ಕೊಡ್ತಿದ್ದಾಳೆ, ಮುಖ ಒಂದೇ ಆದ್ರೂ.

ಯಾಕೆ ಹಾಗನ್ನಿಸುತ್ತೆ ಅಂದ್ರೆ ಬಿಳಿ ಬಣ್ಣವನ್ನ ಆಕೆ ಬಳಸಿರೋ ರೀತಿ. ನಾನು ಕಲೀತಿದ್ದಾಗ ಕುರ್ಚಿ ಮೇಲೆ ಒಂದು ಮಲ್ ಪಂಚೆ ಹಾಕಿ ಬರೀರಿ ಅಂದಿದ್ರು ನಮ್ಮ ಮೇಷ್ಟ್ರು, ನಾನು ಟ್ಯೂಬಿನಿಂದ ಬಿಳಿ ತೆಗೆದು ಬಳಿದೆ, ಗೋಡೆಗೆ ಸುಣ್ಣ ಹೊಡೆದಂಗೆ ಬಂತು. ಮೇಷ್ಟ್ರು ಪಂಚೆ ಹತ್ರ ಕರ್ಕೊಂಡು ಹೋಗಿ ಇದರಲ್ಲಿ ಬಿಳಿ ಎಲ್ಲಿದೆ ತೋರಿಸು ಅಂದ್ರು, ಹುಡುಕಿದ್ರೆ ನಿಜವಾಗಿ ಬಿಳಿ ಇದ್ದದ್ದು ಎರಡು ಮೂರು ನೆರಿಗೆ ತುದಿಯಲ್ಲಿ ಮಾತ್ರ, ಮಿಕ್ಕಿದ್ದೆಲ್ಲ ಬೂದಿ, ತಿಳಿ ನೀಲಿ, ಕುರ್ಚಿಯ ಕಂದು. ತೆಳು ಬಟ್ಟೆ ತನ್ನ ಹಿಂದೆ ಇರೋದರ ಬಣ್ಣ ತಗೊಳ್ಳುತ್ತೆ. ರಾಣಿಯ ಚಿತ್ರದಲ್ಲಿ ತೋಳು ನೋಡಿ, ಬಟ್ಟೆ ಒಂದೇ ಪದರ ಇರೋ ಕಡೆ ಒಳಗಿನ ಮೈಬಣ್ಣ ಇಣುಕುತ್ತೆ, ನೆರಿಗೆ ಒತ್ತಾದ ಕಡೆ ಗಟ್ಟಿ ಬಿಳಿ, ಮಡಿಕೆಯ ಒಳಗೆ ತಣ್ಣನೆ ಬೂದಿ. ನಡುವಿನ ಪಟ್ಟಿ ಇನ್ನೂ ಸೊಗಸು, ಬಂಗಾರದ ಬಣ್ಣದ್ದು, ಅದೂ ತೆಳು, ಅದರ ಕೆಳಗಿನ ಬಿಳಿ ಸ್ವಲ್ಪ ಹಳದಿಗೆ ತಿರುಗಿ ಕಾಣುತ್ತೆ. ಒಂದು ಪದರದ ಮೇಲೆ ಇನ್ನೊಂದು ಪದರ, ಎರಡೂ ಪಾರದರ್ಶಕ, ಬರೆಯೋಕೆ ಕಷ್ಟದ ಕೆಲಸ. ರೇಷ್ಮೆಯಲ್ಲಿ ಈ ಒಳಗಿನ ಉಸಿರು ಸಿಗಲ್ಲ, ರೇಷ್ಮೆ ಬೆಳಕನ್ನ ವಾಪಸ್ ಎಸೆಯುತ್ತೆ, ಮಲ್ ಒಳಗೆ ಬಿಟ್ಕೊಳ್ಳುತ್ತೆ.

ಚಿತ್ರ ಕೆಳಗಿಳಿದ್ರೂ ಅದರ ಕಾಟ ನಿಲ್ಲಲಿಲ್ಲ. ಮಾರನೇ ವರ್ಷ, 1784ರ ಆಗಸ್ಟ್ ತಿಂಗಳ ಒಂದು ರಾತ್ರಿ, ವರ್ಸೇಲ್ಸ್ ತೋಟದ ಕತ್ತಲಲ್ಲಿ ಕಾರ್ಡಿನಲ್ ರೋಹಾನ್ ಅನ್ನೋ ದೊಡ್ಡ ಪಾದ್ರಿಗೆ ಒಬ್ಬ ಹೆಂಗಸು ಸಿಕ್ಕಿದಳು, ಮೈಮೇಲೆ ಬಿಳಿ ಮಸ್ಲಿನ್ ಗೋಲ್, ಕೈಯಲ್ಲಿ ಒಂದು ಗುಲಾಬಿ. ಆತ ಅವಳೇ ರಾಣಿ ಅಂತ ನಂಬಿ ಕಾಲಿಗೆರಗಿದ. ಅವಳು ನಿಕೋಲ್ ಅನ್ನೋ ಪ್ಯಾರಿಸ್ಸಿನ ಹುಡುಗಿ, ಜೀನ್ ದ ಲ ಮೊಟ್ ಅನ್ನೋ ಮೋಸಗಾರ್ತಿ ವೇಷ ಹಾಕಿಸಿ ನಿಲ್ಲಿಸಿದ್ದಳು. ಆ ನಂಬಿಕೆ ಮೇಲೆ ಕಾರ್ಡಿನಲ್ ರಾಣಿ ಹೆಸರಲ್ಲಿ 16 ಲಕ್ಷ ಲಿವ್ರ್ ಬೆಲೆಯ ವಜ್ರದ ನೆಕ್ಲೇಸ್‌ಗೆ ಜಾಮೀನು ನಿಂತ, ನೆಕ್ಲೇಸ್ ಮಾಯ ಆಯ್ತು, 1785ರಲ್ಲಿ ಗುಟ್ಟು ಬಯಲಾಯ್ತು, 1786ರಲ್ಲಿ ಪ್ಯಾರಿಸ್ಸಿನ ಕೋರ್ಟು ಕಾರ್ಡಿನಲ್‌ನ ಬಿಟ್ಟುಬಿಡ್ತು. ಆ ನೆಕ್ಲೇಸ್ ಬೇಡವೇ ಬೇಡ ಅಂದಿದ್ದ ರಾಣಿಗೇ ಕೆಟ್ಟ ಹೆಸರು. ನೋಡಿ, ಪನಿಯೇ ಕಿರೀಟದ ರಾಣಿಯ ವೇಷ ಹಾಕೋದು ಆ ಹುಡುಗಿ ಕೈಲಾಗ್ತಿತ್ತಾ? ಒಂದು ಬಿಳಿ ಗೌನು, ಒಂದು ಗುಲಾಬಿ, ಅದು ಯಾರಿಗೆ ಬೇಕಾದ್ರೂ ಆಗುತ್ತೆ. ಸಲೋನ್‌ನಲ್ಲಿ ರೇಗಾಡಿದ ಜನ ಹೆದರಿದ್ದು ಇದಕ್ಕೇ, ಅವರಿಗೇ ಅದು ಸ್ಪಷ್ಟವಾಗಿ ಗೊತ್ತಿತ್ತೋ ಇಲ್ವೋ.

ಆ ಡ್ರೆಸ್ ಮಾತ್ರ ಗೆದ್ದಿತು. ಶಮೀಜ್ ಆ ಲ ರೇನ್, ಅಂದ್ರೆ ರಾಣಿಯ ಶಮೀಜ್ ಅಂತಲೇ ಹೆಸರಾಯ್ತು, ರಾಣಿ ಇಂಗ್ಲೆಂಡಿನ ಡಚೆಸ್ ಆಫ್ ಡೆವನ್‌ಶೈರ್‌ಗೆ ಒಂದು ಕಳಿಸಿದಳು, ಆಕೆ 1784ರಲ್ಲಿ ಅದನ್ನ ಹಾಕ್ಕೊಂಡು ಸಂಗೀತ ಕಚೇರಿಗೆ ಹೋದಳು, ಅಲ್ಲಿಂದ ಊರೆಲ್ಲ ಹಬ್ಬಿತು.

ಇನ್ನು ನಿಮ್ಮನೆಯವರ ಮಾತು. ಹೌದು, ಆ ಜಾತಿ ಬಟ್ಟೆನೇ. ಮಸ್ಲಿನ್, ಮಲ್‌ಮಲ್, ಮಲ್, ಎಲ್ಲ ಒಂದೇ ಮನೆತನ, ಆ ಕಾಲದಲ್ಲಿ ಯುರೋಪಲ್ಲಿ ಅತಿ ನಯವಾದ ಮಸ್ಲಿನ್ ಅಂದ್ರೆ ಬಂಗಾಳದ್ದು, ಅದರಲ್ಲೂ ಢಾಕಾ ಕಡೆಯದ್ದು. ಇದಕ್ಕಿಂತ ಹತ್ತಿರದ ಒಂದು ನಂಟೂ ಇದೆ, ಅದನ್ನ ಹೇಳೋಕೇ ಇಲ್ಲೀತನಕ ಕಾದೆ. ಇಂಗ್ಲಿಷರ ವಿರುದ್ಧ ಸಹಾಯ ಕೇಳೋಕೆ ಟಿಪ್ಪು ಸುಲ್ತಾನ ಕಳಿಸಿದ್ದ ಮೂರು ಜನ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ಸಿಗೆ ಬಂದ್ರು. ವಿಜೆ ಲ ಬ್ರಂ ಅವರನ್ನ ಆಪೆರಾದಲ್ಲಿ ನೋಡಿದಳು, ಬಂಗಾರದ ಹೂಗಳಿದ್ದ ಬಿಳಿ ಮಸ್ಲಿನ್ ನಿಲುವಂಗಿ ಹಾಕಿದ್ರು ಅಂತ ಬರೆದಿದ್ದಾಳೆ, ನೋಡಿದ ಕೂಡಲೇ ಬರೀಬೇಕು ಅನ್ನಿಸಿತು. ರಾಜ ಹೇಳಿದ್ರೆ ಮಾತ್ರ ಬರೆಸ್ಕೊಳ್ತೀವಿ ಅಂದ್ರು ಅವರು, ಈಕೆ ರಾಜನಿಂದ ಹೇಳಿಸಿದಳು. ಮಹಮ್ಮದ್ ದರ್ವೇಶ್ ಖಾನ್‌ನ ನಿಂತ ಚಿತ್ರ, ಎರಡು ಮೀಟರಿಗಿಂತ ಎತ್ತರ. ಮುಗಿದ ಮೇಲೆ ದರ್ವೇಶ್ ಖಾನ್ ಅದನ್ನ ಮಂಚದ ಹಿಂದೆ ಬಚ್ಚಿಟ್ಟು, ಇದಕ್ಕಿನ್ನೂ ಜೀವ ಬರಬೇಕು ಅಂತ ಹೇಳಿ ವಾಪಸ್ ಕೊಡ್ಲಿಲ್ವಂತೆ, ಈಕೆ ಉಪಾಯ ಮಾಡಿ ಬಿಡಿಸ್ಕೊಂಡಳು. 1789ರ ಸಲೋನ್‌ನಲ್ಲಿ ಅದು ಪ್ರದರ್ಶನಕ್ಕೆ ಬಂತು, ಅದೇ ಅಕ್ಟೋಬರ್‌ನಲ್ಲಿ ಫ್ರೆಂಚ್ ಕ್ರಾಂತಿಯ ಜನ ರಾಜ ರಾಣಿಯರನ್ನ ವರ್ಸೇಲ್ಸಿಂದ ಪ್ಯಾರಿಸ್ಸಿಗೆ ಹಿಡ್ಕೊಂಡು ಬಂದ ರಾತ್ರಿ ವಿಜೆ ಲ ಬ್ರಂ ಮಗಳನ್ನ ಕರ್ಕೊಂಡು ದೇಶ ಬಿಟ್ಟಳು. 1793ರ ಅಕ್ಟೋಬರ್ 16ಕ್ಕೆ ರಾಣಿಯನ್ನ ಗಿಲೊಟಿನ್‌ಗೆ ಒಯ್ದಾಗ ಮೈಮೇಲೆ ಇದ್ದದ್ದೂ ಒಂದು ಸಾದಾ ಬಿಳಿ ಬಟ್ಟೆ. ಶ್ರೀರಂಗಪಟ್ಟಣದಿಂದ ಹೋದವನ ಆ ಚಿತ್ರ 2019ರಲ್ಲಿ ನ್ಯೂಯಾರ್ಕ್ ಹರಾಜಲ್ಲಿ ಸುಮಾರು 72 ಲಕ್ಷ ಡಾಲರ್‌ಗೆ ಹೋಯ್ತು.

ಮೊಬೈಲಲ್ಲಿ ರಾಣಿಯ ಆ ಮೂಲ ಚಿತ್ರ ಒಂದು ಕಡೆ, ದರ್ವೇಶ್ ಖಾನ್ ಚಿತ್ರ ಇನ್ನೊಂದು ಕಡೆ ಇಟ್ಕೊಂಡು ದೊಡ್ಡದು ಮಾಡಿ ನೋಡಿ, ಮುಖ ಬೇಡ, ತೋಳಿನ ನೆರಿಗೆ ಮಾತ್ರ. ಐದು ವರ್ಷದ ಅಂತರದಲ್ಲಿ ಒಂದೇ ಕೈ ಬರೆದ ಮಸ್ಲಿನ್. ನಿಮ್ಮನೆಯವರಿಗೂ ತೋರಿಸಿ, ಎರಡರಲ್ಲಿ ಯಾವ ಬಟ್ಟೆ ನಯ ಅಂತ ಅವರು ಏನಂತಾರೋ ನನಗೆ ಬರೆದು ಕಳಿಸಿ.